ಮಾತಿಗೆ ಸಾಕು, ನೆಟ್ಟಿಗೆ ಸಾಲದು

ಕೊಡಗಿನ ತೋಟದ ಮನೆಗಳಲ್ಲಿ ಟೆಲಿಫೋನ್ ತಂತಿಗೆ ಇದ್ದಷ್ಟು ಸ್ವಾತಂತ್ರ್ಯ ಮನೆಯ ಮಕ್ಕಳಿಗೂ ಇರಲಿಲ್ಲ. ರಸ್ತೆಬದಿಯ ಕಂಬದಿಂದ ಹೊರಟು, ಸಿಲ್ವರ್ ಓಕ್ ಮರಗಳನ್ನು ಒಂದೊಂದಾಗಿ ಹಿಡಿದುಕೊಂಡು ಬಂದು, ಹೆಂಚಿನ ಸಂದಿಯಲ್ಲೋ ಕಿಟಕಿ ಚೌಕಟ್ಟಿನ ತೂತಿನಲ್ಲೋ ಒಳಗೆ ನುಗ್ಗಿ, ಅಟ್ಟ ಹತ್ತಿ ಇಳಿದು, ದೇವರ ಪಟದ ಹಿಂದೆ ನುಸುಳಿ, ಕೊನೆಗೆ ಹಜಾರದ ಸ್ಟೂಲಿನ ಮೇಲೆ ಕುಳಿತ ಫೋನನ್ನು ಸೇರುತ್ತಿತ್ತು. ಕರೆಂಟಿನ ತಂತಿಗಾದರೆ ಪೈಪು, ಫ್ಯೂಸು, ಮೀಟರು ಎಂಬ ಮರ್ಯಾದೆಗಳಿದ್ದವು, ಭಯವೂ ಇತ್ತು. ಫೋನಿನ ತಂತಿಗೆ ಯಾರೂ ಹೆದರಲಿಲ್ಲ. ಆದ್ದರಿಂದಲೇ ಎಲ್ಲರೂ ಅದಕ್ಕೆ ಕೈ ಹಾಕಿದರು.

ಕೈ ಹಾಕುವ ಅಗತ್ಯವೂ ಇತ್ತೆನ್ನಿ. ಲೈನ್‌ಮನ್ ತನ್ನ ತಂತಿಯನ್ನು ಗೋಡೆಯ ಮೇಲೆ ತಂತಿ ಕೂಡಿಸುವ ಒಂದು ರೋಸೆಟ್ ಪೆಟ್ಟಿಗೆಯವರೆಗೆ ತಂದು, ಗಂಟೆ ಬಾರಿಸಿ ತೋರಿಸಿ, ಕಾಫಿ ಕುಡಿದು ಹೋಗುತ್ತಿದ್ದ. ಕೊಡವರ ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುವಾಗ ಹಜಾರದ ಗಂಟೆ ಅಡುಗೆಮನೆಗೆ ಕೇಳದು. ಕಾಫಿ ಕಣಕ್ಕಂತೂ ಬಿಸಿಲಿನಲ್ಲೂ ಕೇಳದು. ಹಾಗಾಗಿ ಮನೆಗೊಬ್ಬರು ತಂತಿ ಎಳೆಯುವವರು ಹುಟ್ಟಿಕೊಂಡರು. ನಮ್ಮಲ್ಲಿ ಆ ಹುದ್ದೆ ಮಾವನದು.

ಕೆಲಸ ನಿಜಕ್ಕೂ ಸರಳ. ಫೋನಿಗೆ ಬೇಕಾದದ್ದು ಎರಡೇ ತಂತಿ. ಆರ್‌ಜೆ-11 ಎಂಬ ಗೋಡೆಯ ಜ್ಯಾಕಿನಲ್ಲಿ ನಾಲ್ಕು ಪಿನ್ ಕಂಡರೂ ದುಡಿಯುವುದು ನಡುವಿನ ಎರಡು. ಸಾಮಾನ್ಯವಾಗಿ ಕೆಂಪು, ಹಸಿರು ತಂತಿಗಳು ಅಲ್ಲಿಗೆ ಬರುತ್ತವೆ. ಇನ್ನೊಂದು ಫೋನ್ ಬೇಕಾದರೆ ಅದೇ ಎರಡರಿಂದ ಸಮಾನಾಂತರವಾಗಿ ಇನ್ನೆರಡನ್ನು ಎಳೆದರಾಯಿತು. ಕೆಂಪು ಹಸಿರು ಅದಲುಬದಲಾದರೂ ಹೆಚ್ಚಿನ ಫೋನ್‌ಗಳು ತಕರಾರು ಮಾಡುವುದಿಲ್ಲ. ಅದರಲ್ಲಿ ಹರಿಯುವುದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುವ 48 ವೋಲ್ಟ್ ಡಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನಗಟ್ಟಲೆ ಬಾರದಿದ್ದರೂ ಫೋನ್ ಉಸಿರಾಡುತ್ತಿದ್ದುದು ಆ ಬ್ಯಾಟರಿಯ ಪುಣ್ಯದಿಂದ, ಕರೆಂಟಿನ ಕಂಬ ಕೆಡವಿದ ಮರವೇ ಫೋನಿನ ತಂತಿಯ ಮೇಲೂ ಬಿದ್ದಿರದಿದ್ದರೆ. ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಕೊಟ್ಟು ತಂತಿಯನ್ನು ಋಣದಲ್ಲಿ ಇಡುವುದು ಹಳೆಯ ಪದ್ಧತಿ. ತೇವದಲ್ಲಿ ತಾಮ್ರ ಸವೆಯದಿರಲಿ ಎಂಬುದು ಅದರ ಉದ್ದೇಶ. ಆ ಪದ್ಧತಿ ಮಾಡಿದವರು ನಮ್ಮ ಜುಲೈ ತಿಂಗಳನ್ನು ನೋಡಿರಲಿಕ್ಕಿಲ್ಲ. ರೋಸೆಟ್ ಬಿಚ್ಚಿದರೆ ಸ್ಕ್ರೂಗಳ ಸುತ್ತ ಹಸಿರು ಕಿಲುಬು, ಅದರ ಪಕ್ಕದಲ್ಲಿ ಮೊಟ್ಟೆ ಹೊತ್ತ ಇರುವೆಗಳು.

48 ವೋಲ್ಟ್ ಒಣ ಕೈಗೆ ತಿಳಿಯುವುದೇ ಇಲ್ಲ. ಆದರೆ ಕರೆ ಬಂದಾಗ ಗಂಟೆ ಬಾರಿಸಲು ಎಕ್ಸ್‌ಚೇಂಜ್ ಕಳಿಸುವುದು 75 ವೋಲ್ಟಿನ ಆಸುಪಾಸಿನ ಎಸಿ. ಮಾವ ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುವವರು. ಅಂಥ ಹೊತ್ತಿನಲ್ಲೇ ಕರೆ ಮಾಡಿದ ಭಾವನನ್ನು ಅವರು ಪೂರ್ತಿ ಕ್ಷಮಿಸಿದಂತಿಲ್ಲ. ಇದಕ್ಕೆ ಉಪಾಯವಿದೆ: ಕೆಲಸಕ್ಕೆ ಮುನ್ನ ಬೇರೊಂದು ಫೋನಿನ ರಿಸೀವರ್ ಎತ್ತಿಡಬೇಕು. ಕರೆ ಮಾಡಿದವರಿಗೆ ಎಂಗೇಜ್ ಸದ್ದು ಕೇಳುತ್ತದೆ, ಹಲ್ಲು ಉಳಿಯುತ್ತದೆ.

ಫೋನ್ ಅಷ್ಟು ಮುಖ್ಯವಾದದ್ದು ಹೂಮಳೆಯ ಕಾಲದಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ರೋಬಸ್ಟಾ ಹೂ ಬಿಡುತ್ತದೆ, ಬೀಳದಿದ್ದರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿಯಬೇಕು. ಮಳೆ ನಿಂತ ಮರುಗಳಿಗೆ ನಾಪೋಕ್ಲಿನಿಂದ ಸಿದ್ದಾಪುರಕ್ಕೆ, ಸಿದ್ದಾಪುರದಿಂದ ಸುಂಟಿಕೊಪ್ಪಕ್ಕೆ ಒಂದೇ ಪ್ರಶ್ನೆ: "ನಿಮ್ಮಲ್ಲಿ ಎಷ್ಟು ಸೆಂಟ್?" ಇಂಚಿನ ನೂರರಲ್ಲಿ ಒಂದು ಭಾಗ ಒಂದು ಸೆಂಟ್. ಪಕ್ಕದ ತೋಟಕ್ಕೆ 90 ಸೆಂಟ್ ಬಿದ್ದು ನಮಗೆ 20 ಬಿದ್ದರೆ ಆ ರಾತ್ರಿ ಊಟ ರುಚಿಸದು. ಈ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆಯಲ್ಲಿ. ಮೊದಲ ಗುಡುಗಿಗೆ "ಫೋನಿನ ತಂತಿ ತೆಗೆಯಿರಿ!" ಎಂದು ಅತ್ತೆ ಕೂಗುತ್ತಿದ್ದರು, ಕೊನೆಯ ಗುಡುಗು ಮುಗಿಯುವ ಮೊದಲೇ ಮಾವ ಅದನ್ನು ಮತ್ತೆ ಚುಚ್ಚುತ್ತಿದ್ದರು.

ಇಂಥ ಮನೆಯೊಳಕ್ಕೆ, ಫೋನಿನ ತಂತಿಯಲ್ಲೇ ಇಂಟರ್ನೆಟ್ ತರುವ ಡಿಎಸ್‌ಎಲ್ ಬಂತು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಲೆಕ್ಕದಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಹೊಸ ತಂತಿ ಬೇಡ, ಇರುವ ತಂತಿಯಲ್ಲೇ ಬರುತ್ತದೆ ಎಂದಾಗ ಮಾವ ತಮ್ಮ ಕೆಲಸಕ್ಕೆ ಪ್ರಶಸ್ತಿ ಬಂದಂತೆ ಬೀಗಿದರು. ಮಾತು ಬಳಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕೆಳಗಿನ ಆವರ್ತನಗಳ ಪಟ್ಟಿಯನ್ನು. ಡಿಎಸ್‌ಎಲ್‌ನ ಮನೆಬಳಕೆಯ ರೂಪವಾದ ಎಡಿಎಸ್‌ಎಲ್ ಅದನ್ನು ಮುಟ್ಟದೆ, 26 ಕಿಲೋಹರ್ಟ್ಸ್‌ನಿಂದ ಮೇಲೆ 1100 ಕಿಲೋಹರ್ಟ್ಸ್‌ವರೆಗೆ ತನ್ನ ಬಿಡಾರ ಹೂಡುತ್ತದೆ. ಎರಡನ್ನೂ ಬೇರ್ಪಡಿಸಲು ಸ್ಪ್ಲಿಟರ್ ಎಂಬ ಚಿಕ್ಕ ಡಬ್ಬಿ: ಒಂದು ಕಡೆ ಲೈನ್, ಇನ್ನೊಂದು ಕಡೆ ಫೋನ್ ಮತ್ತು ಮೋಡೆಮ್.

ಮಾತು ದೊಡ್ಡ ಮನಸ್ಸಿನದು. ಕಿಲುಬು ಹಿಡಿದ ಗಂಟು, ಟೇಪು ಬಿಟ್ಟುಹೋದ ಕೂಡಿಕೆ, ಸ್ಪೀಕರ್ ವೈರಿಗೆ ಜೋಡಿಸಿದ ಬಲ್ಬಿನ ವೈರು, ಎಲ್ಲವನ್ನೂ ದಾಟಿ ಬಂದು "ಹಲೋ" ಎನ್ನುತ್ತದೆ. ಸ್ವಲ್ಪ ಕರಕರ ಅಂದರೆ ನಾವು ಗಟ್ಟಿಯಾಗಿ ಮಾತನಾಡುತ್ತೇವೆ, ಮುಗಿಯಿತು. ಆನೆ ಬಾರದಿರಲೆಂದು ಹಾಕಿದ ಸೋಲಾರ್ ಬೇಲಿಗೆ ಬಳ್ಳಿ ತಗುಲಿದರೆ ರಿಸೀವರಿನಲ್ಲಿ ಸೆಕೆಂಡಿಗೊಮ್ಮೆ ಟಕ್ ಎಂಬ ಸದ್ದು, ಅದಕ್ಕೂ ಹೊಂದಿಕೊಂಡಿದ್ದೆವು. ಡಿಎಸ್‌ಎಲ್‌ಗೆ ಇಂಥ ಔದಾರ್ಯವಿಲ್ಲ. ಅದರ ಪಟ್ಟಿಯ ನಡುವೆಯೇ ಮೀಡಿಯಂ ವೇವ್ ರೇಡಿಯೋ ಕೂತಿದೆ, ಹೆಣೆಯದ ತಂತಿ ಏರಿಯಲ್ ಆಗಿಬಿಡುತ್ತದೆ. ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದರೆ ಹೊರಗಿನ ಗದ್ದಲ ಎರಡರಲ್ಲೂ ಸಮನಾಗಿ ಸೇರಿ ಕಳೆದುಹೋಗುತ್ತದೆ ಎಂದು ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಸುದ್ದಿ ನಮ್ಮ ಅಟ್ಟಕ್ಕೆ ತಲುಪಿರಲಿಲ್ಲ.

2020ರಲ್ಲಿ ಬೆಂಗಳೂರಿನ ಕಂಪನಿಗಳ ಹುಡುಗರೆಲ್ಲ ಊರಿಗೆ ಮರಳಿದಾಗ, ಗುಡ್ಡದ ತುದಿಯಲ್ಲಿ ಮೊಬೈಲ್ ಎತ್ತಿ ಹಿಡಿದವರು ಒಂದು ಪಂಗಡ, ಹಳೆಯ ಲೈನಿಗೆ ಜೀವ ತುಂಬಲು ಹೊರಟವರು ಇನ್ನೊಂದು. ನಾನು ಎರಡನೆಯದು. ಅಡುಗೆಮನೆಯ ಫೋನ್ ಗಂಟೆ ಬಾರಿಸಿದರೆ ನನ್ನ ಮೀಟಿಂಗ್ ಕಡಿದುಹೋಗುತ್ತಿತ್ತು. ಆ ಫೋನ್ ಸ್ಪ್ಲಿಟರಿಗೂ ಮೊದಲೇ ಅಟ್ಟದಲ್ಲಿ ಎಲ್ಲೋ ಕವಲೊಡೆದಿತ್ತು. ಮೋಡೆಮ್‌ನ 192.168.1.1 ಪುಟ ತೆರೆದರೆ ಗದ್ದಲದ ಮೇಲೆ ಸಂಕೇತ ಬೇಕಾದ ಕನಿಷ್ಠಕ್ಕಿಂತ ಎಷ್ಟು ಡೆಸಿಬೆಲ್ ಹೆಚ್ಚು ತಲೆ ಎತ್ತಿದೆ ಎಂಬ ಸಂಖ್ಯೆ ಸಿಗುತ್ತದೆ. ಸಾಮಾನ್ಯವಾಗಿ 6 ಇದ್ದರೆ ಬದುಕು. ನಮ್ಮದು ಅದಕ್ಕಿಂತ ಕೆಳಗೆ ಮುಳುಗಿ ಏಳುತ್ತಿತ್ತು. ಟಾರ್ಚ್ ಹಿಡಿದು ಅಟ್ಟ ಹತ್ತಿದೆವು.

"ಮಾವ, ಈ ತಂತಿ ಎಲ್ಲಿಗೆ ಹೋಗುತ್ತದೆ?"

"ಅದು ಹಿಂದಿನ ಕೋಣೆಗೆ."

"ಹಿಂದಿನ ಕೋಣೆಯನ್ನು ಕೆಡವಿ ಎಷ್ಟೋ ವರ್ಷವಾಯಿತಲ್ಲ?"

"ಕೋಣೆ ಕೆಡವಿದೆವು. ತಂತಿ ಏನು ತಪ್ಪು ಮಾಡಿತ್ತು?"

ತಪ್ಪು ಮಾಡುತ್ತಿತ್ತು. ತುದಿಯಲ್ಲಿ ಏನೂ ಇಲ್ಲದ ಕವಲಿಗೆ ಹೋದ ಸಂಕೇತ ಗೋಡೆಗೆ ಬಡಿದಂತೆ ಹಿಂದಿರುಗಿ ಮುಖ್ಯ ಸಂಕೇತವನ್ನು ಕೆಡಿಸುತ್ತದೆ. ಮಾತಿಗೆ ಇದು ತಿಳಿಯುವುದೇ ಇಲ್ಲ. ಮದ್ದು ತೀರಾ ಸಪ್ಪೆ. ತಂತಿ ಮನೆ ಹೊಕ್ಕ ಜಾಗದಲ್ಲೇ ಸ್ಪ್ಲಿಟರ್ ಕೂರಿಸಿ, ಮೋಡೆಮಿಗೆ ಹೆಣೆದ ತಂತಿಯ ಒಂದೇ ಅಖಂಡ ತುಂಡು ಕೊಟ್ಟು, ಮಾವನ ಸಾಮ್ರಾಜ್ಯವನ್ನೆಲ್ಲ ಫೋನ್ ಎಂದು ಬರೆದ ಕಿಂಡಿಯ ಆಚೆಗೆ ತಳ್ಳಬೇಕು. ಕೂಡಿಕೆಗಳಿಗೆ ಟೇಪಿನ ಬದಲು ಗ್ರೀಸ್ ತುಂಬಿದ ಕನೆಕ್ಟರ್ ಹಾಕಬೇಕು. ಮಾವ ಒಪ್ಪಿದರು, ಆದರೆ ಕೆಡವಿದ ಕೋಣೆಯ ತಂತಿಯನ್ನು ಕತ್ತರಿಸಲು ಬಿಡಲಿಲ್ಲ. ಬಿಚ್ಚಿ ಸುರುಳಿ ಸುತ್ತಿ ಇಟ್ಟರು, ಎಂದಾದರೂ ಕೋಣೆ ಕಟ್ಟಿದರೆ ಬೇಕಾಗುತ್ತದಂತೆ.

ಈಗ ಫೈಬರ್ ಬಂದಿದೆ. ಕೂದಲೆಳೆಯ ಗಾಜು, ಜೋಡಿಸಲು ಕರಗಿಸಿ ಬೆಸೆಯುವ ಯಂತ್ರ ಬೇಕು. ಹಲ್ಲಿನಿಂದ ಸುಲಿಯುವಂತಿಲ್ಲ, ನಡುವೆ ಕವಲು ತೆಗೆಯುವಂತಿಲ್ಲ. ಹಾಕಲು ಬಂದ ಹುಡುಗ ಮೊದಲು ಹೇಳಿದ್ದೇ "ಇದನ್ನು ಯಾರೂ ಮುಟ್ಟಬೇಡಿ" ಎಂದು. ಮಾವ ಅದಕ್ಕೆ ಉತ್ತರ ಕೊಡದೆ ತೋಟಕ್ಕೆ ಹೋದರು. ವೇಗ ಹೆಚ್ಚಿದೆ, ನಿಜ. ಸಿಡಿಲಿಗೆ ಗಾಜು ಹೆದರುವುದಿಲ್ಲ ಎಂಬುದೂ ನಿಜ. ಆದರೂ ಕೈಗೆ ಸಿಗದ ವಸ್ತುವಿನ ಬಗ್ಗೆ ಮಾವನಿಗಿರುವ ಅಸಮಾಧಾನದಲ್ಲಿ ನನ್ನದೂ ಪಾಲಿದೆ.

ಅದೃಷ್ಟಕ್ಕೆ, ಹಳೆಯ ಮನೆಯ ದಪ್ಪ ಗೋಡೆಗಳನ್ನು ವೈಫೈ ದಾಟಲಿಲ್ಲ. ಅಡುಗೆಮನೆಯವರೆಗೆ ಲ್ಯಾನ್ ಕೇಬಲ್ ಎಳೆಯಲೇಬೇಕಾಯಿತು. ತುದಿಯನ್ನು ಸುಲಿದು ಒಳಗಿನ ಎಂಟು ತಂತಿಗಳನ್ನು ಕಂಡ ಮಾವನ ಮುಖ ಅರಳಿತು.

"ಎಂಟೂ ಬೇಕೇ?"

"100 ಮೆಗಾಬಿಟ್‌ಗೆ ನಾಲ್ಕು ಸಾಕು ಮಾವ. ಆದರೆ ಗಿಗಾಬಿಟ್‌ಗೆ..."

ಮಾತಿನ ಉಳಿದ ಭಾಗ ಕೇಳಲು ಅವರು ಅಲ್ಲಿರಲಿಲ್ಲ. ಮಿಕ್ಕ ನಾಲ್ಕರಲ್ಲಿ ಕಣಕ್ಕೊಂದು ಫೋನ್ ಎಳೆಯಬಹುದೆಂದು ಹೇಳುತ್ತಾ ಕತ್ತರಿ ಹುಡುಕಲು ಒಳಗೆ ಹೋಗಿದ್ದರು.