ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ವಾ? ಸತ್ಯಾಂಶ ಇಲ್ಲಿದೆ

ಹುಬ್ಬಳ್ಳಿಯಲ್ಲಿ ಮಳೆ ಜೋರಾದರೆ ಸಾಕು, ನಮ್ಮ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: ಮನೆಯಲ್ಲಿ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಇದ್ದರೆ ಗೋಡೆ ಸೋರಿದರೂ ಶಾಕ್ ಹೊಡೆಯಲ್ಲ, ಹೆದರಬೇಡಿ. ಇದು ತಪ್ಪು. ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ, ಅಂದರೆ ಆಫ್ ಆಗಬೇಕಾದರೆ, ಅದಕ್ಕಿಂತ ಜಾಸ್ತಿ ಕರೆಂಟ್ ಹರಿಯಬೇಕು, ಆದರೆ ಮನುಷ್ಯನ ಜೀವ ಹೋಗಲು ಅದರ ನೂರರಲ್ಲಿ ಒಂದು ಪಾಲೂ ಸಾಕು, ಹಾಗಾಗಿ ನಿಮಗೆ ಶಾಕ್ ಹೊಡೆಯುತ್ತಿದ್ದರೂ ಅದು ಸುಮ್ನೆ ಕೂತಿರಬಹುದು. ಜೀವ ಕಾಯಲು ಬೇಕಾಗಿರುವುದು ಬೋರ್ಡಿನಲ್ಲಿ ಹಾಕುವ ಇನ್ನೊಂದು ಸ್ವಿಚ್, ಆರ್‌ಸಿಸಿಬಿ. ಮನೆಗೆ ಹಾಕುವ 30 ಮಿಲಿಆಂಪಿಯರ್‌ನದು, ಕರೆಂಟ್ ನೆಲಕ್ಕೆ ಸೋರಿದ ಕೂಡಲೇ ಬೀಳುತ್ತದೆ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ನಿಮ್ಮ ಮನೆಯಲ್ಲಿ ಇದೆಯಾ, ದಯವಿಟ್ಟು ಇವತ್ತೇ ನೋಡಿ.

ಫ್ಯಾನ್ ಅಥವಾ ಲೈಟಿನ ಹತ್ತಿರ ನೀರು ತೊಟ್ಟಿಕ್ಕುತ್ತಿದ್ದರೆ ಅದರ ಸ್ವಿಚ್ ಮುಟ್ಟಬೇಡಿ. ಒಣ ನೆಲದ ಮೇಲೆ ನಿಂತು, ಕೈ ಒರೆಸಿಕೊಂಡು, ರಬ್ಬರ್ ಚಪ್ಪಲಿ ಹಾಕಿಕೊಂಡು ಮೇನ್ ಆಫ್ ಮಾಡಿ. ಮೇನ್ ಬೋರ್ಡೇ ಒದ್ದೆಯಾಗಿದ್ದರೆ, ಇಲ್ಲವೇ ಅದರ ಮುಂದೆ ನೀರು ನಿಂತಿದ್ದರೆ, ಹತ್ತಿರ ಹೋಗದೆ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ. ಗೋಡೆ ಮೇಲೆ ಒಣಗಿದಂತೆ ಕಂಡರೂ ಒಳಗಿನ ವೈರ್ ಪೈಪಿನಲ್ಲಿ ನೀರು ಉಳಿದಿರಬಹುದು ಅಲ್ವಾ, ಎಲೆಕ್ಟ್ರಿಷಿಯನ್ ಬಂದು ನೋಡಿದ ಮೇಲೆಯೇ ಆನ್ ಮಾಡಿ.