ಯುದ್ಧಕ್ಕೆ ಹೋಗಿದ್ದಕ್ಕೆ ಪ್ರೂಫ್ ಉಂಟಾ?

ಕೊಡಗಲ್ಲಿ ಮೈಕ್ ಕೈಗೆ ಸಿಕ್ಕಿದ ಮೇಲೆ "ವೀರರ ನಾಡು" ಅನ್ನದೆ ಸ್ಟೇಜ್ ಇಳಿದ ಮಂತ್ರಿ ಇನ್ನೂ ಹುಟ್ಟಿಲ್ಲ ಅಂತ ನನ್ನ ಅಂದಾಜು. ಶಾಲು ಹೊದಿಸ್ಕೊಂಡು, ಪೇಟ ತೊಡಿಸ್ಕೊಂಡು, ಕಾರ್ಯಪ್ಪನವರ ಹೆಸರು ಒಂದ್ಸಲ, ತಿಮ್ಮಯ್ಯನವರ ಹೆಸರು ಒಂದ್ಸಲ, ಮನೆಗೊಬ್ಬ ಸೈನಿಕ ಅಂತ ಎರಡು ಸಲ ಹೇಳಿ, ಚಪ್ಪಾಳೆ ತಗೊಂಡು, ಕಡುಬು ಪಂದಿಕರಿ ಯಾರ ಮನೇಲಿ ಅಂತ ಪಿಎ ಹತ್ರ ಮೆಲ್ಲ ವಿಚಾರಿಸಿ ಹೊರಡ್ತಾರೆ. ಹೇಳೋದ್ರಲ್ಲಿ ಸುಳ್ಳೇನೂ ಇಲ್ಲ ಬಿಡಿ. ಶನಿವಾರಸಂತೆಯಲ್ಲಿ ಹುಟ್ಟಿದ ಮನುಷ್ಯ 1949ರ ಜನವರಿ 15ಕ್ಕೆ ಇಡೀ ಭಾರತದ ಸೇನೆಯ ದಂಡನಾಯಕ ಆಗಿದ್ದು ನಿಜ, ಮಡಿಕೇರಿಯ ಹುಡುಗ 1957ರಲ್ಲಿ ಸೇನಾ ಮುಖ್ಯಸ್ಥ ಆಗಿದ್ದೂ ನಿಜ. ನನ್ನ ತಕರಾರು ಇರೋದು ಅದೇ ಸಭೆಯ ಮೂರನೇ ಸಾಲಲ್ಲಿ ಯುದ್ಧದ ಮೆಡಲ್ ಇಲ್ಲದ ಖಾಲಿ ಕೋಟ್ ಹಾಕ್ಕೊಂಡು ಕೂತಿರೋ ನಮ್ಮ ಹವಾಲ್ದಾರ್ ಮಾವನ ವಿಷಯದಲ್ಲಿ.

ಮಾವ ಅಂದ್ರೆ ನಮ್ಮ ತೋಟದ ಆಚೆ ಮನೆಯವರು, ದೂರದ ಸಂಬಂಧ. 1969ರಲ್ಲಿ ಮಿಲಿಟರಿ ಸೇರಿ 1987ರಲ್ಲಿ ಪೆನ್ಶನ್ ಆಗಿ ಬಂದವರು. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಆದಾಗ ಪಶ್ಚಿಮ ಗಡಿಯ ಶಕರ್‌ಗಢ್ ಕಡೆ ಇದ್ರು, ಮೈನ್ ಹೂತಿಟ್ಟ ಗದ್ದೆ ದಾಟಿದ ಕಥೆಯನ್ನು ಊರಿನ ಮಕ್ಕಳೆಲ್ಲ ಬಾಯಿಪಾಠ ಮಾಡ್ಕೊಂಡಿದ್ದಾರೆ, ಆ ಕಥೆ ಶುರುವಾದ್ರೆ ಅತ್ತೆ ಎದ್ದು ಹಂದಿಗೂಡಿನ ಕಡೆ ಹೋಗ್ತಾರೆ. ಅಂಥವರ ಡಿಸ್ಚಾರ್ಜ್ ಬುಕ್ ತೆಗೆದು ಮೆಡಲ್‌ನ ಪುಟ ನೋಡಿದ್ರೆ ಎರಡೇ ಎರಡು. ಒಂದು, ಒಂಬತ್ತು ವರ್ಷದ ಲಾಂಗ್ ಸರ್ವಿಸ್ ಮೆಡಲ್. ಇನ್ನೊಂದು, 1972ರ ಆಗಸ್ಟ್ 15ಕ್ಕೆ ಸರ್ವಿಸ್‌ನಲ್ಲಿದ್ದ ಎಲ್ಲರಿಗೂ ಕೊಟ್ಟ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಪಶ್ಚಿಮ ಗಡಿಯಲ್ಲಿ ಕಾದಾಡಿದವರಿಗೆ ಕೊಡೋ ಪಶ್ಚಿಮಿ ಸ್ಟಾರ್ ಇಲ್ಲ, ಸಂಗ್ರಾಮ್ ಮೆಡಲ್ಲೂ ಇಲ್ಲ.

ಈಗ ಲೆಕ್ಕ ಹಾಕಿ. ಸರ್ಕಾರದ ರೆಕಾರ್ಡ್ ಪ್ರಕಾರವೇ ಮಾವ 1969ರಲ್ಲಿ ಸೇನೆಯಲ್ಲಿದ್ರು, 1972ರ ಆಗಸ್ಟ್‌ನಲ್ಲೂ ಇದ್ರು. ಮಧ್ಯೆ ಯುದ್ಧ ನಡೆದ ಆ ಎರಡು ವಾರ ಮಾತ್ರ ಎಲ್ಲಿದ್ರು ಅಂತ ಗೊತ್ತಿಲ್ವಂತೆ. ಬಹುಶಃ ಹುತ್ತರಿ ಸುಗ್ಗಿ ಹಬ್ಬಕ್ಕೆ ಮನೆಗೆ ಬಂದು ಕದಿರು ತೆಗೆದು ಕೋಲಾಟ ಆಡ್ತಾ ಇದ್ರು ಅಂತ ಅಂದ್ಕೊಂಡಿದ್ದಾರೋ ಏನೋ. ಸಂಗ್ರಾಮ್ ಮೆಡಲ್‌ನ ನಿಯಮ ನೋಡಿದ್ರೆ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ತನಕ ಕಾಶ್ಮೀರ, ಪಂಜಾಬ್ ಥರದ ಗಡಿ ರಾಜ್ಯಗಳಲ್ಲಿ ಸೇವೆ ಮಾಡಿದ್ರೆ ಸಾಕು, ಒಂದು ವರ್ಷಕ್ಕಿಂತ ಹೆಚ್ಚಿನ ಟೈಮ್ ಅದು. ಅಷ್ಟು ಟೈಮಲ್ಲಿ ಒಂದಿನನಾದ್ರೂ ಮಾವ ಇವರ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ಮಾವನನ್ನು ಕಾಲಾಳು ಪಡೆ ಬಿಟ್ಟು ಬೇಹುಗಾರಿಕೆಗೆ ಹಾಕ್ಬೇಕಿತ್ತು.

ಆ ಮೆಡಲ್ ಕೊಡಿ ಅಂತ ಅರ್ಜಿ ಹೋಯ್ತು. ರೆಕಾರ್ಡ್ ಆಫೀಸ್ ಯಾವುದು ಅಂತ ಹೇಳಲ್ಲ, ದೂರದ್ದು ಅಂತ ಇಟ್ಕೊಳ್ಳಿ. ಉತ್ತರ ಬರೋಕೆ ಒಂದು ಮಳೆಗಾಲ ಪೂರ್ತಿ ಬೇಕಾಯ್ತು. ಬಂದ ಉತ್ತರದ ಸಾರ ಇಷ್ಟು: ಸದರಿ ಘಟಕದ ಸದರಿ ಅವಧಿಯ ಕಾಗದಪತ್ರಗಳನ್ನು ನಿಯಮಾನುಸಾರ ನಾಶ ಮಾಡಲಾಗಿದೆ, ಆದ್ದರಿಂದ ಅರ್ಜಿದಾರರು ತಾವು ಯುದ್ಧದಲ್ಲಿ ಭಾಗವಹಿಸಿದ ಬಗ್ಗೆ ಮೂಲ ದಾಖಲೆ ಹಾಜರುಪಡಿಸುವುದು.

ಇದನ್ನ ಇನ್ನೊಂದ್ಸಲ ಓದಿ, ನಾನೂ ಓದಿದ್ದೆ. ಪೇಪರ್ ಇದ್ದದ್ದು ಅವರ ಹತ್ರ. ಸುಟ್ಟದ್ದು ಅವರು. ತೋರಿಸಬೇಕಾದವರು ಮಾವ.

ನಾಶ ಮಾಡೋಕೂ ರೂಲ್ ಇದೆ, ಸುಮ್ಮನೆ ಬೆಂಕಿ ಹಾಕಲ್ಲ ನಮ್ಮವರು. ಪೆನ್ಶನ್ ಇಲ್ಲದೆ ಬಿಟ್ಟು ಬಂದವರ ಫೈಲ್ 25 ವರ್ಷ ಇಟ್ಕೊಳ್ತಾರೆ, ಪೆನ್ಶನ್ ಇರೋರದ್ದು 50 ವರ್ಷ. ಅಂದ್ರೆ ಮಾವನ ಸ್ವಂತ ಫೈಲ್‌ಗೆ 2037ರ ತನಕ ಆಯಸ್ಸು ಉಂಟು. ಆಫೀಸ್‌ನವರ ಜಾಗದಲ್ಲಿ ನಿಂತು ಯೋಚನೆ ಮಾಡಿದ್ರೆ ಎಷ್ಟು ಆರಾಮದ ಕೆಲಸ ನೋಡಿ, ಪ್ರತಿ ಪತ್ರಕ್ಕೂ ಒಂದೊಂದು ಹೊಸ ಫಾರ್ಮ್ ಕೇಳ್ತಾ ಹೋದ್ರೆ ಆಯ್ತು, ಒಂದೋ ಫೈಲ್ ಮುಗಿಯುತ್ತೆ ಇಲ್ಲಾಂದ್ರೆ ಅರ್ಜಿದಾರರು ಮುಗೀತಾರೆ, ಯಾವುದು ಮೊದಲಾದ್ರೂ ಕೇಸ್ ಕ್ಲೋಸ್.

ಮಾವನ ಹತ್ರ ಏನೂ ಇರಲಿಲ್ಲ ಅಂತ ಅಲ್ಲ. ಹಸಿರು ಬಣ್ಣದ ಟ್ರಂಕ್ ಒಂದಿತ್ತು, ಅದರಲ್ಲಿ ಆಗಿನ ಮೂವ್‌ಮೆಂಟ್ ಆರ್ಡರ್, ಫೀಲ್ಡ್ ಪೋಸ್ಟ್ ಆಫೀಸ್ ಸೀಲ್ ಇದ್ದ ಕಾಗದಗಳು, ಗ್ರೂಪ್ ಫೋಟೋ. ಆ ಟ್ರಂಕ್ ಮಕ್ಕಂದೂರು ಕಡೆ ತಮ್ಮನ ಮನೇಲಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆಯೆಲ್ಲ ಗುಡ್ಡ ಜರೀತಲ್ಲ, ಆಗ ಮನೆ, ಕೊಟ್ಟಿಗೆ, ಒಂದು ಎಕರೆ ಕಾಫಿ, ಟ್ರಂಕ್ ಎಲ್ಲ ಒಟ್ಟಿಗೆ ಹೊಳೆಗೆ ಹೋಯ್ತು. ಜನ ಬದುಕಿದ್ದೇ ದೊಡ್ಡದು. ಇದನ್ನ ಬರೆದು ಕಳಿಸಿದ್ದಕ್ಕೆ ಉತ್ತರ ಏನು ಗೊತ್ತಾ, ದಾಖಲೆ ಕಳೆದುಹೋದ ಬಗ್ಗೆ ಎಫ್‌ಐಆರ್ ಪ್ರತಿ ಲಗತ್ತಿಸಿ. ಮಾವ ಪೊಲೀಸ್ ಸ್ಟೇಷನ್‌ಗೆ ಹೋದ್ರು, ಶಿಸ್ತಿನ ಮನುಷ್ಯ, ಹೇಳಿದ್ದು ಮಾಡ್ತಾರೆ. ರೈಟರ್ ಒಳ್ಳೆಯವರೇ, ಪೆನ್ ತೆಗೆದು "ಆರೋಪಿ ಯಾರು ಅಂತ ಬರೀಲಿ ಮಾವ" ಅಂದ್ರು. ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿ "ಗುಡ್ಡ ಅಂತ ಬರಿ" ಅಂದ್ರು. ಸಾಕ್ಷಿಗಳು ಅಂತ ಇದ್ದ ಕಾಲಂನಲ್ಲಿ ಏನು ಬರೆದ್ರೋ ನಂಗೆ ಗೊತ್ತಿಲ್ಲ.

ಆಮೇಲೆ ಬಂದದ್ದು ಇನ್ನೂ ಚಂದ. ಅಂದಿನ ಕಮಾಂಡಿಂಗ್ ಆಫೀಸರ್ ಅವರಿಂದ ದೃಢೀಕರಣ ಪತ್ರ ತರಬೇಕಂತೆ. 1971ರಲ್ಲಿ ಕರ್ನಲ್ ಆಗಿದ್ದವರಿಗೆ ಈಗ ಎಷ್ಟು ವಯಸ್ಸಾಗಿರುತ್ತೆ ಅಂತ ಆ ಪತ್ರ ಟೈಪ್ ಮಾಡಿದ ಮಾರಾಯ ಬೆರಳು ಮಡಚಿ ನೋಡಬಹುದಿತ್ತು. ಅವರು ತೀರಿಹೋಗಿ ಎಷ್ಟೋ ವರ್ಷ ಆಯ್ತು ಅಂತ ಮಾವ ಬರೆದ್ರು. ಹಾಗಾದ್ರೆ ಅವರ ಮರಣ ಪ್ರಮಾಣ ಪತ್ರ ಲಗತ್ತಿಸಿ ಅಂತ ವಾಪಸ್ ಬಂತು. ಹವಾಲ್ದಾರ್ ಒಬ್ಬ ತನ್ನ ಕರ್ನಲ್ ಮನೆ ಹುಡುಕ್ಕೊಂಡು ಹೋಗಿ, ಅಮ್ಮಾ ನಮಸ್ಕಾರ, ಸಾಹೇಬ್ರು ಸತ್ತಿದ್ದಕ್ಕೆ ಮೂರು ಜೆರಾಕ್ಸ್ ಕೊಡಿ ಅಂತ ಕೇಳ್ಬೇಕು ಅನ್ನೋದು ಇವರ ಆಸೆ.

ಇಷ್ಟಾದ ಮೇಲೆ ಈಗ ಎಲ್ಲ ಆನ್‌ಲೈನ್ ಅಂತ ಒಬ್ಬರು ಹೇಳಿದ್ರು. ಗೋಣಿಕೊಪ್ಪದ ಸೈಬರ್ ಸೆಂಟರ್‌ಗೆ ಕರ್ಕೊಂಡು ಹೋದೆ. ಆಧಾರ್‌ನಲ್ಲಿ ಹೆಸರು ಒಂದು ಥರ, ಡಿಸ್ಚಾರ್ಜ್ ಬುಕ್‌ನಲ್ಲಿ ಒಂದು ಥರ, ಪೆನ್ಶನ್ ಆರ್ಡರ್‌ನಲ್ಲಿ ಮೂರನೇ ಥರ. ಮನೆ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಇವು ಮೂರೂ ಆ ಕಾಲದ ಬಡಾ ಬಾಬು, ಅಂದ್ರೆ ಹೆಡ್ ಕ್ಲರ್ಕ್, ಕೈಯಲ್ಲಿ ಸಿಕ್ಕಿ ಯಾವ ಆರ್ಡರ್‌ನಲ್ಲಿ ಬಿದ್ದಿವೆ ಅಂತ ಹೇಳಿದ್ರೆ ನೀವು ನಂಬಲ್ಲ, ಒಂದು ಕಡೆ ಮಾವನೇ ತನ್ನ ಅಪ್ಪನ ಅಪ್ಪ ಆಗಿಬಿಟ್ಟಿದ್ದಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಸೈಜ್ ಜಾಸ್ತಿ ಅಂತ ಪೋರ್ಟಲ್ ತಗೊಳ್ಳಲೇ ಇಲ್ಲ. ಜನರಲ್ ತಿಮ್ಮಯ್ಯ 1948ರ ನವೆಂಬರ್ ಚಳಿಯಲ್ಲಿ ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಜೋಜಿ ಲಾ ಕಣಿವೆ ದಾರಿಗೆ ಟ್ಯಾಂಕ್ ಹತ್ತಿಸಿದವರು, ಅವರ ಜಿಲ್ಲೆಯವರಿಗೆ ಒಂದು ಪಿಡಿಎಫ್ ಹತ್ತಿಸೋಕೆ ಆಗ್ಲಿಲ್ಲ. ಅಷ್ಟೊತ್ತಿಗೆ ಕರೆಂಟ್ ಹೋಯ್ತು. ಜುಲೈ ಅಲ್ವಾ.

ಹಾಗಂತ ಸರ್ಕಾರಕ್ಕೆ ಮಾವನ ಬಗ್ಗೆ ಏನೂ ಗೊತ್ತಿಲ್ಲ ಅಂತ ಅಂದ್ಕೋಬೇಡಿ, ಅದು ಅನ್ಯಾಯ ಆಗುತ್ತೆ. ಮಿಲಿಟರಿ ಕ್ಯಾಂಟೀನ್‌ನ ಕಾರ್ಡ್ ಉಜ್ಜಿದ್ರೆ ಕಳೆದ ತಿಂಗಳು ಎಷ್ಟು ಬಾಟ್ಲಿ ರಮ್ ಹೋಗಿದೆ, ಈ ತಿಂಗಳು ಎಷ್ಟು ಬಾಕಿ ಅಂತ ಟಪ್ ಅಂತ ಬರುತ್ತೆ, ಒಂದು ಬಾಟ್ಲಿ ಆಚೀಚೆ ಇಲ್ಲ. ಹಿಂದೆ ಯಾವಾಗ್ಲೋ ಪೆನ್ಶನ್ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಹಾಕಿದ್ರಂತೆ, ಅದನ್ನ ಎಷ್ಟೋ ವರ್ಷ ಹಿಂದಿನ ಲೆಡ್ಜರ್ ತೆಗೆದು ಪೈಸೆ ಸಮೇತ ಕಂಡುಹಿಡಿದು ರಿಕವರಿ ನೋಟಿಸ್ ಕಳಿಸಿದ್ರು. ಆ ಲೆಡ್ಜರ್‌ಗೆ ಗೆದ್ದಲು ಹಿಡಿದಿರಲಿಲ್ಲ. ಅದಕ್ಕೆ ಯಾರೂ ಬೆಂಕಿನೂ ಹಾಕಿರಲಿಲ್ಲ. ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೀನಿ ಅಂತ ಹೆಬ್ಬೆಟ್ಟು ಒತ್ತಿ ಬರ್ತಾರೆ, ಕಾಫಿ ಕುಯ್ದು ಕುಯ್ದು ರೇಖೆ ಸವೆದು ಮೆಷಿನ್ ತಗೊಳ್ಳಲ್ಲ ಅನ್ನೋದು ಬೇರೆ ಕಥೆ.

ನಮ್ಮ ಕೊಡಗಲ್ಲಿ ಇನ್ನೊಂದು ತಮಾಷೆ ಇದೆ. ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯದ ಭೂಮಿ ಹಿಡುವಳಿದಾರರಿಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ಬೇಡ, ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದ್ದಾರೆ. ಅಂದ್ರೆ ಗುಂಡು ಹಾರಿಸೋ ಸಾಮಾನಿನ ವಿಷಯದಲ್ಲಿ ನಮ್ಮನ್ನ ನಂಬ್ತಾರೆ. ಆಯುಧ ಪೂಜೆಯ ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕಿನ ಹೂವು ಇಟ್ಟು ಪೂಜೆ ಮಾಡಿ ಅಂತಾರೆ. ಎದೆ ಮೇಲೆ ತೂಗು ಹಾಕೋ ಒಂದು ಲೋಹದ ಬಿಲ್ಲೆ ವಿಷಯ ಬಂದಾಗ ಮಾತ್ರ ಇವನು ಕಳ್ಳ ಇರಬಹುದು ಅನ್ನೋ ಅನುಮಾನ.

ಅನುಮಾನಕ್ಕೆ ಕಾರಣ ನಂಗೆ ಮೆಲ್ಲ ಗೊತ್ತಾಯ್ತು. ಈ ಮೆಡಲ್‌ಗಳಿಗೆ ದುಡ್ಡಿಲ್ಲ. ಶೌರ್ಯ ಪ್ರಶಸ್ತಿ ಆದ್ರೆ ಭತ್ಯೆ ಅಂತ ಏನಾದ್ರೂ ಉಂಟು, ಇದಕ್ಕೆ ಹತ್ತು ಪೈಸೆ ಇಲ್ಲ. ಆಫೀಸಲ್ಲೊಬ್ರು ಫೋನಲ್ಲಿ ಕೇಳಿಯೇಬಿಟ್ರು, "ಅಂಕಲ್, ಇದ್ರಿಂದ ನಿಮ್ಗೆ ಬೆನಿಫಿಟ್ ಎಂತ?" ದುಡ್ಡಿಲ್ಲದ ವಿಷಯಕ್ಕೆ ಒಬ್ಬ ಮನುಷ್ಯ ಇಷ್ಟು ಅಲೀತಾನೆ ಅಂದ್ರೆ ಅದರಲ್ಲಿ ಏನೋ ದೊಡ್ಡ ಸ್ಕ್ಯಾಮ್ ಇರಲೇಬೇಕು ಅಂತ ಅವರ ತರ್ಕ. ಊರಲ್ಲೂ ಅದೇ ಪ್ರಶ್ನೆ, ಎಷ್ಟು ಸಿಗುತ್ತೆ, ಎಷ್ಟು ಸಿಗುತ್ತೆ.

ಒಬ್ಬ ಬುದ್ಧಿವಂತ, ಮಾವನ ಅಳಿಯನೇ, ಸಲಹೆ ಕೊಟ್ಟ. ಯಾಕೆ ಇಷ್ಟು ಕಷ್ಟ, ದೆಹಲಿ ಕಂಟೋನ್ಮೆಂಟ್‌ನ ಗೋಪಿನಾಥ್ ಬಜಾರ್‌ನಲ್ಲಿ ಎಲ್ಲ ಸಿಗುತ್ತೆ, ತಂದು ಕೋಟಿಗೆ ಚುಚ್ಕೊಳ್ಳಿ ಅಂತ. ಅವನು ಹೇಳಿದ್ದು ಸುಳ್ಳಲ್ಲ, ಮೆಡಲ್ ಮಂಜೂರಾದ ಸೈನಿಕರೇ ಅಸಲಿ ಬರೋ ತನಕ ಅಂಗಡಿಯಲ್ಲಿ ದುಡ್ಡು ಕೊಟ್ಟು ಡೂಪ್ಲಿಕೇಟ್ ತಗೊಂಡು ಪರೇಡ್‌ಗೆ ಹಾಕ್ತಾರೆ ಅಂತ ಪೇಪರ್‌ನಲ್ಲೇ ಬಂದಿತ್ತು. ಮಾವನಿಗೆ ಸಿಟ್ಟು ಬಂತು. ಸರ್ಕಾರ ಕೊಡೋ ಮೆಡಲ್‌ನ ಅಂಚಿನಲ್ಲಿ ನಂಬರು, ರ‍್ಯಾಂಕು, ಹೆಸರು ಕೆತ್ತಿರುತ್ತೆ. "ನನ್ನ ನಂಬರ್ ಇಲ್ಲದ್ದು ಸೋಡಾ ಬಾಟ್ಲಿ ಮುಚ್ಚಳ, ಅದನ್ನ ನೀನೇ ಹಾಕ್ಕೋ" ಅಂದ್ರು. ಅಳಿಯ ಆ ದಿನ ಊಟಕ್ಕೆ ನಿಲ್ಲಲಿಲ್ಲ.

ಅಮೆರಿಕದಲ್ಲಿ ಇದಕ್ಕೇ ಅಂತ ಬೋರ್ಡ್ ಇದೆ ಕಣ್ರಿ, ಮಿಲಿಟರಿ ರೆಕಾರ್ಡ್ ತಿದ್ದುವ ಬೋರ್ಡ್. ಡಿಡಿ 149 ಅಂತ ಫಾರ್ಮ್, ರೆಕಾರ್ಡ್‌ನಲ್ಲಿ ತಪ್ಪಿದೆ ಅಥವಾ ಅನ್ಯಾಯ ಆಗಿದೆ ಅಂತ ಬರೆದು ಹಾಕೋದು. ಅಲ್ಲೇನು ಎಲ್ಲ ಸರಿ ಇದೆ ಅಂತಲ್ಲ, 1973ರಲ್ಲಿ ಸೇಂಟ್ ಲೂಯಿಸ್‌ನ ರೆಕಾರ್ಡ್ ಬಿಲ್ಡಿಂಗ್‌ಗೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಫೈಲ್ ಬೂದಿ ಆಯ್ತು, ಅವರೂ ಅಲೆದಾಡಿಸ್ತಾರೆ. ಆದ್ರೆ ಸುಟ್ಟದ್ದು ನಮ್ಮ ಗೋಡೌನ್ ಅಂತ ಒಪ್ಕೊಂಡು, ಸಂಬಳದ ವೋಚರ್ ಅದು ಇದು ಜೋಡಿಸಿ ಫೈಲ್ ಮತ್ತೆ ಕಟ್ಟೋ ಕೆಲಸ ಆಫೀಸಿನವರೇ ಮಾಡ್ತಾರೆ. ನಮ್ಮಲ್ಲೂ 2007ರ ಕಾಯ್ದೆ ಪ್ರಕಾರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಇಲ್ಲ ಅಂತಲ್ಲ, ಆದ್ರೆ ವಕೀಲರ ಫೀಸು ಕೇಳಿದ ಮೇಲೆ ಮಾವ ಈ ವರ್ಷದ ಕರಿಮೆಣಸು ರೇಟ್ ನೋಡಿ ಸುಮ್ಮನಾದ್ರು.

ಕಲ್ಲಿಗೆ, ಕಬ್ಬಿಣಕ್ಕೆ ನಮ್ಮಲ್ಲಿ ಮರ್ಯಾದೆಗೆ ಕೊರತೆ ಇಲ್ಲ. 2023ರ ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ಬಸ್ ಗುದ್ದಿ ಜನರಲ್ ತಿಮ್ಮಯ್ಯ ಪ್ರತಿಮೆ ನೆಲಕ್ಕೆ ಬಿತ್ತು, ಊರಿಗೆ ಊರೇ ಎದ್ದು ನಿಂತಿತು, ರಿಪೇರಿ ಆಗಿ ಮತ್ತೆ ಪೀಠ ಹತ್ತಿದ್ರು. ಆಗಬೇಕಾದ್ದೇ. ಅವರು ಬಾಳಿದ ಸನ್ನಿ ಸೈಡ್ ಮನೆ ಈಗ ಮ್ಯೂಸಿಯಂ, 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟನೆ ಮಾಡಿದ್ರು. ಅಂಗಳದಲ್ಲಿ ಒಂದು ಹಳೇ ಟ್ಯಾಂಕ್ ನಿಂತಿದೆ, ಟೂರಿಸ್ಟ್‌ಗಳು ಸೆಲ್ಫಿ ತಗೊಳ್ತಾರೆ. ಮಾವ ಒಂದ್ಸಲ ಅದರ ಸುತ್ತ ಒಂದು ರೌಂಡ್ ಹೊಡೆದು, ಇದರ ಪೇಪರೆಲ್ಲ ಸರಿ ಇದೆ ಅಂತ ಕಾಣುತ್ತೆ ಮಗಾ ಅಂದ್ರು.

ಇಷ್ಟೆಲ್ಲ ಆದ್ರೂ ನಮಗೆ ಒಂದು ಆಸೆ ಇದೆ, ಅದೂ ನಮ್ಮ ಕೊಡಗಿನದ್ದೇ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ನಮ್ಮ ರೆಕಾರ್ಡ್‌ನಲ್ಲಿ ನಾಪತ್ತೆ ಅಂತ ಬರೆದು ಪುಟ ತಿರುಗಿಸಿದ್ರು. ಅವರು ತಮ್ಮ ನಿಧಾನದ ಮಿಸ್ಟಿಯರ್ ವಿಮಾನದಲ್ಲಿ, ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್‌ನ ಹೊಡೆದುರುಳಿಸಿ ಸತ್ತರು ಅಂತ ನಮ್ಮವರಿಗೆ ಗೊತ್ತಾಗಿದ್ದು ಯಾವಾಗ ಅಂದ್ರೆ, 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯವರನ್ನ ವಿಚಾರಿಸಿ ಬರೆದ ಮೇಲೆ. ಮಹಾವೀರ ಚಕ್ರ ಬಂದಿದ್ದು 1988ಕ್ಕೆ, ಇಪ್ಪತ್ಮೂರು ವರ್ಷ ಆದ ಮೇಲೆ, ಹೆಂಡತಿ ಹೋಗಿ ತಗೊಂಡ್ರು. ಅಂದ್ರೆ ನಿಯಮ ಸ್ಪಷ್ಟ ಇದೆ, ಸ್ವಂತ ಆಫೀಸ್ ಸಾಕ್ಷಿ ಹೇಳದಿದ್ರೆ ವೈರಿ ಸಾಕ್ಷಿ ನಡೆಯುತ್ತೆ.

ಇದನ್ನ ನಾನು ಮಾವನಿಗೆ ಹೇಳಬಾರದಿತ್ತೋ ಏನೋ. ಮೊನ್ನೆ ಗದ್ದೆ ಬದುವಲ್ಲಿ ನಿಲ್ಲಿಸಿ ಕೇಳಿದ್ರು, "ಅಲ್ಲ ಮಗಾ, ಶಕರ್‌ಗಢ್‌ನಲ್ಲಿ ನಮ್ಮ ಎದುರಿಗೆ ಇದ್ದ ಪಲ್ಟನ್‌ನವರು ಯಾರಾದ್ರೂ ಬದುಕಿದ್ದಾರಾ ನೋಡು ನಿನ್ನ ಫೋನಲ್ಲಿ. ನಾನು ಗುಂಡು ಹೊಡೆದದ್ದು ಅವರ ಮೇಲೆ, ಅವರ ಹತ್ರ ರೆಕಾರ್ಡ್ ಸರಿಯಾಗಿ ಇರಬಹುದು. ಒಂದು ಕಾಗದ ಬರೆದು ಕೊಡ್ತಾರಾ ಕೇಳು." ಕೊಡಬಹುದು ಮಾವ, ಆದ್ರೆ ಅದಕ್ಕೆ ಗೆಜೆಟೆಡ್ ಆಫೀಸರ್ ಅಟೆಸ್ಟೇಶನ್ ಬೇಕಾಗುತ್ತೆ ಅಂದೆ. "ಆ ಕಡೆಯವರದ್ದಾ, ಈ ಕಡೆಯವರದ್ದಾ?" ಅಂತ ಮಾವ. ಅದನ್ನ ಕೇಳಿ ಬರೆದ ಪತ್ರ ಹೋಗಿದೆ, ಉತ್ತರ ಬಂದಿಲ್ಲ.