ಮರುಭೂಮಿಗೆ ಕೆಂಪು ಗೂಟ ಹೊಡೆಯೋಕೆ ಏನು ರೋಗ ಇವರಿಗೆ?

ಹದಿನೆಂಟು ಹೋಲ್ ಗಾಲ್ಫ್ ಆಡೋಕೆ ಐದೂವರೆ ಗಂಟೆ ಹಿಡೀತು. ಅದರಲ್ಲಿ ಆಡಿದ್ದೆಷ್ಟು, ಮುಂದಿನ ತಂಡದವರು ಮುಳ್ಳುಗಿಡಗಳ ನಡುವೆ ಬಗ್ಗಿ ಬಗ್ಗಿ ಚೆಂಡು ಹುಡುಕೋದನ್ನ ನೋಡ್ತಾ ಕಾರ್ಟಲ್ಲಿ ಕೂತಿದ್ದೆಷ್ಟು ಅಂತ ಮಾತ್ರ ಕೇಳಬೇಡಿ, ಹೊಟ್ಟೆ ಉರಿಯುತ್ತೆ.

ಅಮೆರಿಕದ ಅರಿಝೋನಾದ ಮರುಭೂಮಿ ಗಾಲ್ಫ್ ಕೋರ್ಸ್ ಕಂಡವರಿಗೆ ಗೊತ್ತು. ಮೊದಲ ಹೊಡೆತ ಹೊಡೆಯೋ ಟೀ ಹತ್ತಿರ ಒಂದು ತುಂಡು ಹುಲ್ಲು, ಆಮೇಲೆ ಕಲ್ಲು-ಮುಳ್ಳು, ನಡುದಾರಿಯಲ್ಲಿ ಫೇರ್‌ವೇ ಅಂತ ಇನ್ನೊಂದು ತುಂಡು, ಮತ್ತೆ ಕಲ್ಲು-ಮುಳ್ಳು, ಕೊನೆಗೆ ಕುಳಿ ಇರೋ ಗ್ರೀನ್. ಇದಕ್ಕೆ ಕಾರಣ ಇದೆ, ಇಲ್ಲ ಅನ್ನಲ್ಲ. 1980ರ ಅಂತರ್ಜಲ ಕಾಯ್ದೆ ಬಂದಮೇಲೆ ಫೀನಿಕ್ಸ್ ಸುತ್ತಮುತ್ತ ಹೊಸ ಕೋರ್ಸ್‌ಗಳು ಮನಸ್ಸಿಗೆ ಬಂದಷ್ಟು ಹುಲ್ಲು ಬೆಳೆಸೋ ಹಾಗಿಲ್ಲ. ಹದಿನೆಂಟು ಹೋಲ್‌ಗೆ 90 ಎಕರೆ ಆಸುಪಾಸು, ಅಷ್ಟೆ. ನೀರಿಲ್ಲದ ಸೀಮೆಯಲ್ಲಿ ಅದು ಸರಿಯಾದ ಕಾನೂನೇ. ನನ್ನ ಸಿಟ್ಟು ಅದರ ಮೇಲಲ್ಲ. ಆ ಹುಲ್ಲಿನಾಚೆ ಚೆಂಡು ಹೋದರೆ ಆಡೋರ ಗತಿ ಏನು ಅಂತ ಕೋರ್ಸಿನವರು ಒಂದು ನಿಮಿಷವೂ ತಲೆ ಕೆಡಿಸಿಕೊಳ್ಳಲ್ವಲ್ಲ, ಅದರ ಮೇಲೆ.

2019ರಲ್ಲಿ ಗಾಲ್ಫ್ ನಿಯಮಗಳನ್ನೇ ತಿದ್ದಿ ಬರೆದರಲ್ಲ, ಆಗಲೇ ದಾರಿ ಮಾಡಿಕೊಟ್ಟಿದ್ದಾರೆ. ಚೆಂಡು ಬಿದ್ದರೆ ದಂಡ ತೆತ್ತು ಹೊರಗಿಂದ ಆಡಬಹುದಾದ ಜಾಗಕ್ಕೆ ಪೆನಾಲ್ಟಿ ಏರಿಯಾ ಅಂತಾರೆ, ಅಲ್ಲಿ ನೀರಿರಲೇಬೇಕು ಅಂತಿಲ್ಲ. ಮರುಭೂಮಿ, ಕಾಡು, ಲಾವಾ ಬಂಡೆ, ಯಾವುದನ್ನ ಬೇಕಾದರೂ ಹಾಗೆ ಗುರುತು ಮಾಡಬಹುದು. ಕೆಂಪು ಗೂಟ ನೆಟ್ಟರೆ ಮುಗೀತು. ಚೆಂಡು ಗೆರೆ ದಾಟಿದ ಕಡೆಯಿಂದ ಎರಡು ಕ್ಲಬ್ (ಹೊಡೆಯೋ ಕೋಲು) ಉದ್ದದೊಳಗೆ ಇನ್ನೊಂದು ಚೆಂಡನ್ನ ಡ್ರಾಪ್ ಮಾಡು, ಅಂದ್ರೆ ಕೈಯಿಂದ ಕೆಳಗೆ ಬಿಡು, ಒಂದು ಸ್ಟ್ರೋಕ್ (ಹೊಡೆತ) ದಂಡ ಬರ್ಕೋ, ಹೊಡಿ, ನಡಿ. ಹುಡುಕೋ ಪ್ರಮೇಯವೇ ಬರಲ್ಲ.

ಗೂಟ ಇಲ್ಲದಿದ್ದರೆ? ಆ ಕಲ್ಲು-ಮುಳ್ಳೂ ಲೆಕ್ಕದಲ್ಲಿ ಬರೀ ಮಾಮೂಲಿ ಜಾಗ. ಚೆಂಡು ಸಿಗದಿದ್ದರೆ ವಾಪಸ್ ಟೀಗೆ ಹೋಗಿ ದಂಡ ಸಮೇತ ಮತ್ತೆ ಹೊಡೀಬೇಕು. ಹಿಂದೆ ಎರಡು ತಂಡ ಕಣ್ಣು ಕೆಂಪಗೆ ಮಾಡ್ಕೊಂಡು ನಿಂತಿರುವಾಗ ಯಾರು ಹೋಗ್ತಾರೆ? ಅದಕ್ಕೇ ಹುಡುಕ್ತಾರೆ. ಹುಡುಕೋಕೆ ಇರೋದು ಮೂರೇ ನಿಮಿಷ, ಮೊದಲಿನ ಐದನ್ನ ಇಳಿಸಿದ್ದೂ ಅದೇ 2019ರಲ್ಲಿ. ಆದರೆ ಗಡಿಯಾರ ನೋಡೋ ಪುಣ್ಯಾತ್ಮ ಎಲ್ಲಿದ್ದಾನೆ? ಟೀಗೆ ವಾಪಸ್ ಹೋಗೋದು ಬೇಡ, ಎರಡು ಸ್ಟ್ರೋಕ್ ದಂಡ ಹಾಕ್ಕೊಂಡು ಫೇರ್‌ವೇಯಲ್ಲೇ ಡ್ರಾಪ್ ಮಾಡಿ ಅನ್ನೋ ಸ್ಥಳೀಯ ನಿಯಮವೂ ಇದೆ, ಕೋರ್ಸಿನವರು ಜಾರಿಗೆ ತಂದರೆ. ಸ್ಕೋರ್‌ಕಾರ್ಡ್ ಹಿಂದೆ ಒಂದು ಸಾಲು ಅಚ್ಚು ಹಾಕಿಸಿದ್ರೆ ಆಯ್ತು. ಅಲ್ಲೇನಿತ್ತು ಗೊತ್ತಾ? ಕಾರ್ಟ್ ಎಲ್ಲಿ ಓಡಿಸಬಾರದು ಅನ್ನೋ ಉಪದೇಶ, ಜೊತೆಗೆ ಹಾವಿದೆ ಹುಷಾರು ಅಂತ.

ಹಾವಿನ ಕತೆ ಇನ್ನೂ ಚೆಂದ. ಚೆಂಡಿನ ಪಕ್ಕ ರ‍್ಯಾಟಲ್‌ಸ್ನೇಕ್ ಅನ್ನೋ ವಿಷದ ಹಾವು ಮಲಗಿದ್ದರೆ ದಂಡವಿಲ್ಲದೆ ದೂರ ಡ್ರಾಪ್ ಮಾಡಬಹುದು, ಕಳ್ಳಿಗಿಡ ಅಡ್ಡ ಬಂದರೆ ಆ ಭಾಗ್ಯ ಇಲ್ಲ! ಚೋಯಾ ಅಂತ ಒಂದು ಕಳ್ಳಿ ಇದೆ, ಅದಕ್ಕಿಂತ ಹಾವೇ ವಾಸಿ. ಸುಮ್ಮನೆ ತಾಗಿದರೂ ತುಂಡೇ ಕಳಚಿಕೊಂಡು ಮೈಗೆ ಕಚ್ಚಿಕೊಳ್ಳುತ್ತೆ. ಮುಳ್ಳಿನ ತುದಿಯಲ್ಲಿ ಸಣ್ಣ ಸಣ್ಣ ಹಿಮ್ಮುಖ ಕೊಕ್ಕೆ. ಕೈಯಲ್ಲಿ ಕೀಳೋಕೆ ಹೋದರೆ ಕೈಗೂ ಹತ್ತುತ್ತೆ. ಬಾಚಣಿಗೆ ತೂರಿಸಿ ಎಗರಿಸಬೇಕು. ಮುಂದಿನ ತಂಡದ ಒಬ್ಬ ಮಹಾನುಭಾವನ ಮೀನಖಂಡಕ್ಕೆ ಇಂಥದ್ದೊಂದು ಉಂಡೆ ಅಂಟಿಕೊಳ್ತು. ಅವನು ಕಾರ್ಟ್ ಮೇಲೆ ಕಾಲು ಚಾಚಿ ಕೂತ, ಉಳಿದ ಮೂವರು ಬಾಚಣಿಗೆಗೆ ತಡಕಾಡಿದರು, ಬೋಳುತಲೆಯವರ ಹತ್ತಿರ ಬಾಚಣಿಗೆ ಎಲ್ಲಿಂದ ಬರಬೇಕು? ಕೊನೆಗೆ ಚೆಂಡು ಕೂರಿಸೋ ಎರಡು ಟೀ ಕಡ್ಡಿ ಇಟ್ಕೊಂಡು ಇಕ್ಕಳದ ಹಾಗೆ ಹಿಡಿದು ಕಿತ್ತರು. ಇಷ್ಟಾದಮೇಲೂ ಅವನು ಮತ್ತೆ ಅದೇ ಪೊದೆಗೆ ಹೋದ, ಚೆಂಡಿಗೆ! ಅವನದ್ದು ಸಿಗಲಿಲ್ಲ. ಬೇರೆ ಯಾರದ್ದೋ ಮೂರು ಸಿಕ್ಕಿತು, ಜೇಬಿಗಿಳಿಸಿದ.

ಆಗ ಬಂದ ಮಾರ್ಷಲ್, ಆಟ ತಡವಾಗದ ಹಾಗೆ ನೋಡ್ಕೊಳ್ಳೋ ಕೋರ್ಸಿನವ. ಅವರ ಹತ್ತಿರ ಅಲ್ಲ, ನಮ್ಮ ಹತ್ತಿರ. ತಡ ಮಾಡ್ತಿದ್ದೀರಿ, ಸ್ವಲ್ಪ ಬೇಗ ಆಡಿ ಅಂತ. ಮುಂದೆ ನೋಡಪ್ಪಾ ಅಂದೆ. ನೋಡಿದ, ಕೈ ಬೀಸಿ ಹೊರಟೇ ಹೋದ.

ಆಟ ಮುಗಿದಮೇಲೆ ಕೌಂಟರ್‌ನಲ್ಲಿ ಕೇಳಿದೆ, ಕೆಂಪು ಗೂಟ ಯಾಕಿಲ್ಲ ಅಂತ. ಗೂಟ ನೆಟ್ಟರೆ ಮರುಭೂಮಿಯ ನೋಟ ಹಾಳಾಗುತ್ತಂತೆ. ಗ್ರೀನ್ ಪಕ್ಕದಲ್ಲಿ ಜಾಹೀರಾತಿನ ಬೋರ್ಡ್ ನಿಲ್ಲಿಸುವಾಗ ಹಾಳಾಗದ ನೋಟ! ಸರಿ, ಗೂಟವೂ ಬೇಡ ಮಾರಾಯ, ಹುಲ್ಲಿನ ಅಂಚೇ ಗೆರೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟರೂ ನಿಯಮ ಒಪ್ಪುತ್ತೆ ಅಂದೆ. ಮ್ಯಾನೇಜರನ್ನ ಕೇಳಿ ಹೇಳ್ತೀನಿ ಅಂದ. ಚಳಿಗಾಲದ ಸೀಸನ್ ರೇಟ್ ಮಾತ್ರ ಯಾರನ್ನೂ ಕೇಳದೆ ಬುಕಿಂಗ್ ಮಾಡುವಾಗಲೇ ಪೂರ್ತಿ ಎಳ್ಕೊಂಡಿದ್ದರು.